ಬಾವುಟದ ಗಂಟು

ಮೊನ್ನೆ ಒಂದು ನಾಮಕರಣಕ್ಕೆ ಹೊರಡಲು ಸೀರೆ ಹುಡುಕುತ್ತಾ ಬೀರುವಿನ ಮೇಲಿನ ಖಾನೆಗೆ ಕೈ ಹಾಕಿದೆ. ಕೈಗೆ ಬಂದದ್ದು ಸೀರೆಯಲ್ಲ, ಒಂದು ಹಳೆಯ ದಿಂಬಿನ ಚೀಲ. ಅದರೊಳಗೆ ಮಡಿಸಿಟ್ಟ ನಮ್ಮ ಬಡಾವಣೆಯ ರಾಷ್ಟ್ರಧ್ವಜ. ಜೊತೆಗೆ ಎರಡು ನುಸಿಗುಳಿಗೆ. ಮಡಿಕೆ ಬಿಚ್ಚಿ ನೋಡಿದರೆ ಬಿಳಿ ಪಟ್ಟಿಯ ಮೇಲೆ, ಕೇಸರಿಗೆ ತಾಗಿದಂತೆ, ಕಡಲೆಕಾಳಿನಷ್ಟು ದೊಡ್ಡದಾದ ಆ ಕಲೆ ಇನ್ನೂ ಇದೆ.

ಅರಿಶಿನದ ಕಲೆ. ಅದು ಬಿದ್ದ ದಿನವೇ ಸೋಪು ಹಚ್ಚಿ ತಿಕ್ಕಿದ್ದೆ. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ ಎಂದು ಇಪ್ಪತ್ತೆರಡು ವರ್ಷ ಅಡುಗೆಮನೆಯಲ್ಲಿ ನಿಂತವಳಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಆದರೆ ದೇಶದ ಬಾವುಟ ಕೈಯಲ್ಲಿದ್ದಾಗ ಮನುಷ್ಯರಿಗೆ ಗಾಬರಿಯಾಗುತ್ತದೆ ನೋಡಿ. ಮೂರು ಬಣ್ಣದ ಬಾವುಟ ಅರ್ಧ ಗಂಟೆ ನಾಲ್ಕು ಬಣ್ಣದ್ದಾಗಿತ್ತು. ಆಮೇಲೆ ತಣ್ಣೀರಿನಲ್ಲಿ ಜಾಲಿಸಿ, ಮತ್ತೆ ಹಳದಿಗೆ ತಂದು, ದೇವರಿಗೆ ಕೈಮುಗಿದು ಮಡಿಸಿಟ್ಟೆ. ಆ ಕಲೆ ಅಲ್ಲಿಗೆ ಹೇಗೆ ಬಂತು ಎಂದು ಬಡಾವಣೆಯಲ್ಲಿ ಗೊತ್ತಿರುವುದು ನಮ್ಮ ಮನೆಯ ನಾಲ್ಕೇ ಜನಕ್ಕೆ. ನಿಮ್ಮನ್ನು ಸೇರಿಸಿಕೊಂಡರೆ ಐದು.

ಬಡಾವಣೆಯ ಬಾವುಟ ನಮ್ಮ ಮನೆಯ ಬೀರುವಿನಲ್ಲಿ ಯಾಕಿದೆ ಎಂದು ಮೊದಲು ಹೇಳಬೇಕು. ರಾಮನಗರದ ಅಂಚಿನಲ್ಲಿರುವ ನಮ್ಮ ಬಡಾವಣೆಗೆ ಸಂಘವಿದೆ, ಸಂಘಕ್ಕೆ ಕಚೇರಿಯಿಲ್ಲ. ಒಂದು ಪಾರ್ಕು, ನಾಲ್ಕು ಕಲ್ಲುಬೆಂಚು, ಒಂದು ಧ್ವಜಸ್ತಂಭ, ಇಷ್ಟೇ ಆಸ್ತಿ. ಕುರ್ಚಿಗಳು ಕಾರ್ಯದರ್ಶಿ ಶಿವಲಿಂಗಣ್ಣನವರ ಮನೆಯ ಮಹಡಿ ಮೇಲೆ ಇರುತ್ತವೆ. ಬಾವುಟ ಎಲ್ಲಿಡುವುದು ಎಂಬ ಮಾತು ಬಂದಾಗ ಶಿವಲಿಂಗಣ್ಣ ನನ್ನ ಕಡೆ ತಿರುಗಿ, “ಮೇಡಮ್ಮೋರು ಕಾನ್ವೆಂಟಲ್ಲಿ ಓದಿರೋರು. ನೀಟಾಗಿ ಮಡ್ಗ್ತಾರೆ,” ಎಂದರು. ಕಾನ್ವೆಂಟಿನಲ್ಲಿ ಓದಿದ್ದಕ್ಕೆ ಮದುವೆಯಾಗಿ ಬಂದ ಮೇಲೆ ನನಗೆ ಸಿಕ್ಕಿದ ಒಂದೇ ಪದವಿ ಅದು.

ಬಾವುಟವನ್ನು ಮಡಿಸಿ ಕಟ್ಟುವ ಕೆಲಸವೂ ಅದರ ಹಿಂದೆಯೇ ಬಂತು. ನೀವು ಗಮನಿಸಿರುತ್ತೀರಿ, ಸ್ತಂಭದ ಮೇಲೆ ಬಾವುಟ ಮೊದಲು ಒಂದು ಸಣ್ಣ ಪೊಟ್ಟಣದ ಹಾಗೆ ಕೂತಿರುತ್ತದೆ. ಹಗ್ಗ ಜಗ್ಗಿದರೆ ಪೊಟ್ಟಣ ಬಿಚ್ಚಿಕೊಂಡು ಹೂವು ಉದುರಿ ಬಾವುಟ ಹರಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವುದು ಹಗ್ಗ ಜಗ್ಗಿದವರಿಗೆ. ಪೊಟ್ಟಣ ಕಟ್ಟಿದವರು ಹಿಂದೆ ಹೆಂಗಸರ ಸಾಲಿನಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಗಂಟಿನ ಗುಣವೆಲ್ಲ ಅಲ್ಲಿದೆ. ಗಾಳಿ ಬೀಸಿದರೆ ಬಿಚ್ಚಬಾರದು, ಮೇಲೆ ಏರುವಾಗ ಬಿಚ್ಚಬಾರದು, ಆದರೆ ದಾರದ ತುದಿ ಹಿಡಿದು ಒಂದು ಸಲ ಜಗ್ಗಿದರೆ ಪೂರಾ ಬಿಚ್ಚಬೇಕು.

ಈ ಜಾರುಗಂಟನ್ನು ನನಗೆ ಕಲಿಸಿದವರು ಸಿಸ್ಟರ್ ಬೆನೆಟ್ಟಾ. ನಮ್ಮ ಕಾನ್ವೆಂಟಿನಲ್ಲಿ ಗೈಡ್ಸ್ ನೋಡಿಕೊಳ್ಳುತ್ತಿದ್ದರು. ಕೇರಳದವರು, ಮಾತು ಕಡಿಮೆ, ಕಣ್ಣು ಜಾಸ್ತಿ. ಅವರ ಕೈಯಲ್ಲಿ ಯಾವಾಗಲೂ ಒಂದು ಬಿಳಿ ದಾರವಿರುತ್ತಿತ್ತು. “ಒಳ್ಳೆಯ ಗಂಟು ಒಳ್ಳೆಯ ಹುಡುಗಿಯ ಹಾಗೆ. ಹಿಡಿಯಬೇಕಾದಾಗ ಹಿಡಿಯಬೇಕು, ಬಿಡಬೇಕಾದಾಗ ಬಿಡಬೇಕು,” ಎನ್ನುತ್ತಿದ್ದರು. ಹನ್ನೊಂದು ವರ್ಷದ ನಮಗೆ ಅದು ಅರ್ಥವಾಗುತ್ತಿರಲಿಲ್ಲ. ನನ್ನ ಒಳ್ಳೆಯತನ ಏನಿದ್ದರೂ ಗಂಟಿನ ವಿಷಯದಲ್ಲಿ ಮಾತ್ರವಿತ್ತು. ಮಿಕ್ಕ ವಿಷಯಗಳಲ್ಲಿ ಸಿಸ್ಟರು ನನ್ನ ಮೇಲೆ ಆಸೆ ಬಿಟ್ಟಿದ್ದರು.

ಅದಕ್ಕೆ ಕಾರಣ ಬಾವುಟದ ಚಕ್ರ. ಸಿಸ್ಟರು ಚರಿತ್ರೆಯ ಪಾಠವನ್ನೂ ಮಾಡುತ್ತಿದ್ದರು. ಈ ಬಾವುಟ ಒಂದೇ ದಿನಕ್ಕೆ ಹೀಗಾದದ್ದಲ್ಲ, ಮೊದಮೊದಲು ಅದರಲ್ಲಿ ತಾವರೆಗಳಿದ್ದವು, ಸೂರ್ಯ ಚಂದ್ರರಿದ್ದರು, ಆಮೇಲೆ ಚರಕ ಬಂತು, ಕೊನೆಗೆ ಚರಕ ಹೋಗಿ ಚಕ್ರ ಉಳಿಯಿತು ಎಂದು ಹೇಳಿದಾಗ, ಮನೆ ಕಟ್ಟಿಸುವಾಗ ನಮ್ಮಪ್ಪ ದಿನಕ್ಕೊಂದು ಸಲ ಪ್ಲಾನು ಬದಲಾಯಿಸುತ್ತಿದ್ದದ್ದು ನನಗೆ ನೆನಪಾಯಿತು. ಚರಕ ಯಾಕೆ ಹೋಯಿತು ಎಂದರೆ, ಬಾವುಟವನ್ನು ಹಿಂದಿನಿಂದ ನೋಡಿದರೆ ಚರಕ ತಿರುಗುಮುರುಗಾಗಿ ಕಾಣುತ್ತದೆ, ಚಕ್ರವಾದರೆ ಎರಡು ಕಡೆಯಿಂದಲೂ ಒಂದೇ. ಇದು ನನಗೆ ಬಹಳ ಹಿಡಿಸಿತು. ಹಿಂದೆ ನಿಂತು ನೋಡುವವರ ಬಗ್ಗೆಯೂ ಯಾರೋ ಯೋಚಿಸಿದ್ದಾರಲ್ಲ ಎಂದು. ನಾನು ಯಾವಾಗಲೂ ಹಿಂದಿನ ಸಾಲಿನವಳು.

ಅದಾದ ಮೇಲೆ ಬಾವುಟ ಬರೆದು ತರಲು ಹೇಳಿದರು. ಅಮ್ಮನ ಬಳೆಯನ್ನಿಟ್ಟು ದುಂಡಗೆ ಗೀಚಿಕೊಂಡೆ. ಕಡ್ಡಿಗಳನ್ನು ಎಳೆಯುತ್ತಾ ಹೋದೆ. ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಸ್ಸು ಹೋಗುವಷ್ಟು ಜಾಗ ಬಿಟ್ಟು, ಕೊನೆಗೆ ಹೇಗೋ ಮುಗಿಸಿದೆ. ಸಿಸ್ಟರು ಗುಂಡುಸೂಜಿಯ ತುದಿಯಿಂದ ಒಂದೊಂದೇ ಕಡ್ಡಿ ಎಣಿಸಿದರು. ಇಪ್ಪತ್ಮೂರು.

“ಇಪ್ಪತ್ನಾಲ್ಕು ಕಡ್ಡಿ ಅಂದರೆ ದಿನದ ಇಪ್ಪತ್ನಾಲ್ಕು ಗಂಟೆ. ದೇಶದ ಒಂದು ಗಂಟೆಯನ್ನು ನೀನು ಏನು ಮಾಡಿದೆ?” ಎಂದರು.

ನಾನು ನಿಜ ಹೇಳಿದೆ. “ನಿದ್ದೆ ಮಾಡಿದೆ ಸಿಸ್ಟರ್.”

ಮನೆಗೆ ಅಳುತ್ತಾ ಬಂದವಳನ್ನು ಹಿಡಿದು ನಿಲ್ಲಿಸಿದವರು ಪಕ್ಕದ ಮನೆಯ ಬಾಷಾ ಮಾಮ. ನಮ್ಮ ತವರು ಚನ್ನಪಟ್ಟಣ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಎಂಟರಿಂದ ಬೊಂಬೆ ಕಡೆಯುವ ಯಂತ್ರದ ಸದ್ದು, ಬಿಸಿ ಅರಗಿನ ವಾಸನೆ. ಬಾಷಾ ಮಾಮ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದು, ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ನನ್ನ ಚಕ್ರವನ್ನು ನೋಡಿ ನಗಲಿಲ್ಲ. ಒಂದು ನೂಲು ತೆಗೆದುಕೊಂಡು ದುಂಡಿನ ಸುತ್ತ ಸುತ್ತಿ ಅಳತೆ ಹಿಡಿದು ಕತ್ತರಿಸಿದರು.

“ನೋಡು ಬೇಟಿ, ಇದನ್ನ ಮಡಚು. ಅರ್ಧ ಆಯ್ತಾ? ಇನ್ನೊಂದ್ಸಲ ಮಡಚು. ಇನ್ನೊಂದ್ಸಲ. ಈಗೆಷ್ಟು?”

“ಎಂಟು.”

“ಈಗ ಒಂದೊಂದನ್ನೂ ಮೂರು ಮಾಡ್ಬಿಡು. ಎಂಟ್ಮೂರ್ಲಿ ಎಷ್ಟು? ಕಣ್ಣು ಸುಳ್ಳು ಹೇಳ್ತದೆ, ಕೈ ಸುಳ್ಳು ಹೇಳ್ತದೆ. ನೂಲು ಸುಳ್ಳು ಹೇಳಲ್ಲ.”

ಸಮಾಧಾನಕ್ಕೆಂದು ಒಂದು ಬುಗುರಿಯನ್ನೂ ಕಡೆದು ಕೊಟ್ಟರು. ಮೇಲೆ ಕೇಸರಿ, ನಡುವೆ ಬಿಳಿ, ಕೆಳಗೆ ಹಸಿರು. ಕೇಸರಿ ಬಣ್ಣ ಕಷ್ಟವಂತೆ. ಹಳದಿ ಒಂದು ಚಿಟಿಕೆ ಹೆಚ್ಚಾದರೆ ಹಳದಿಯೇ ಆಗುತ್ತದೆ, ಕೆಂಪು ಹೆಚ್ಚಾದರೆ ಕೆಂಪೇ ಆಗುತ್ತದೆ. “ಇದು ಮಧ್ಯದಲ್ಲಿ ನಿಲ್ಲೋ ಬಣ್ಣ. ಮಧ್ಯದಲ್ಲಿ ನಿಲ್ಲೋದು ಎಲ್ಲರಿಗೂ ಆಗಲ್ಲ,” ಎಂದಿದ್ದರು. ಆ ಬುಗುರಿ ತಿರುಗಿಸಿದರೆ ಮೂರು ಬಣ್ಣವೂ ತಮ್ಮ ತಮ್ಮ ಜಾಗದಲ್ಲೇ ಇದ್ದು ಒಟ್ಟಿಗೆ ತಿರುಗುತ್ತಿದ್ದವು. ಕಾನ್ವೆಂಟಿನಲ್ಲಿ ಕಲಿತ ತ್ಯಾಗ, ಶಾಂತಿ, ಸಮೃದ್ಧಿ ಎಂಬ ಅರ್ಥಗಳು ಪರೀಕ್ಷೆಗೆ ಉಪಯೋಗವಾದವು. ಬಾಷಾ ಮಾಮನ ಬುಗುರಿ ಈಗಲೂ ಷೋಕೇಸಿನಲ್ಲಿದೆ.

ಇನ್ನು ನಮ್ಮ ಮನೆಯ ಹಿರಿಯರಿಬ್ಬರ ವಿಷಯ. ಬಾವುಟದ ಕತೆ ಇರುವುದೇ ಇವರಲ್ಲಿ.

ನಮ್ಮ ಮಾವ ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ರೈತರು ತಂದ ಗೂಡಿನ ಚೀಲ ಬಿಚ್ಚಿಸಿ, ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಲ್ಲಿ ಒತ್ತಿ, ಒಳಗಿನ ಹುಳು ಯಾವ ಸ್ಥಿತಿಯಲ್ಲಿದೆ ಎಂದು ಹೇಳುವಷ್ಟು ಅವರ ಬೆರಳು ನುರಿತಿತ್ತು. ಮಾತು ಮಾತಿಗೆ ಕೈ ಮುಂದೆ ಚಾಚಿ, “ಮೂವತ್ತೆಂಟು ವರ್ಷ ಚೀಲದ ಗಂಟು ಬಿಚ್ಚಿರೋ ಕೈ ಇದು,” ಎನ್ನುತ್ತಿದ್ದರು.

ಅತ್ತೆಯ ತವರು ಕನಕಪುರದ ಆಚೆ, ಕಬ್ಬಾಳಿನ ಹತ್ತಿರದ ಹಳ್ಳಿ. ಅವರ ಕೈಗೂ ಒಂದು ಗುಣವಿದೆ. ಅವರು ಏನನ್ನು ಮುಚ್ಚಿದರೂ ಯಾರೂ ತೆಗೆಯಲಾರರು. ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬ, ಕಾಫಿಪುಡಿ ಡಬ್ಬ, ನಲ್ಲಿ, ಎಲ್ಲವನ್ನೂ ಒಂದು ಸುತ್ತು ಹೆಚ್ಚು ತಿರುಗಿಸುತ್ತಾರೆ. ಮಾವ ಅದನ್ನು ತೆಗೆಯುತ್ತಾರೆ. ಐವತ್ತು ವರ್ಷದಿಂದ ಇದು ನಡೆದುಕೊಂಡು ಬಂದಿದೆ. ನಾನು ಮದುವೆಯಾಗಿ ಬಂದ ವಾರವೇ, ಭರಣಿಯ ಮುಚ್ಚಳಕ್ಕೆ ಸೌಟಿನಲ್ಲಿ ಬಡಿಯುತ್ತಿದ್ದ ನನ್ನನ್ನು ನೋಡಿ ಮಾವ, “ಬುಡು ಮಗಾ, ಅದು ನಿನ್ ಕೈಲಾಗಲ್ಲ. ನಿಮ್ಮತ್ತೆ ಮುಚ್ಚಿದ್ದು,” ಎಂದು ಒಂದೇ ತಿರುವಿಗೆ ತೆಗೆದು ಕೊಟ್ಟರು. ಅವರ ಮುಖದಲ್ಲಿ ಆಗ ಒಂದು ತೃಪ್ತಿಯಿತ್ತು. ಪಕ್ಕದಲ್ಲಿ ಅತ್ತೆಯ ಮುಖದಲ್ಲೂ ಇತ್ತು.

ಬಡಾವಣೆಯಲ್ಲಿ ವಯಸ್ಸಿಗೆ ಮಾವನೇ ಹಿರಿಯರು. ಸ್ವಾತಂತ್ರ್ಯ ದಿನಕ್ಕೆ ಬಾವುಟ ಹಾರಿಸುವುದು ಅವರು, ಕಟ್ಟಿಕೊಡುವುದು ನಾನು. ನಾಲ್ಕು ವರ್ಷ ಹೀಗೆ ನಡೆಯಿತು. ನಾಲ್ಕು ಸಲವೂ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಐದನೆಯದು ಹೋದ ವರ್ಷದ್ದು.

ಹೋದ ವರ್ಷ ಮಾವ ಬಿಳಿ ಶರಟು, ಅಂಚಿನ ಪಂಚೆ, ತಲೆಗೆ ಟೋಪಿ ಹಾಕಿಕೊಂಡು ಸ್ತಂಭದ ಬುಡದಲ್ಲಿ ನಿಂತರು. ಹಗ್ಗ ಜಗ್ಗಿದರು. ಮೇಲಿನ ಪೊಟ್ಟಣ ತಲೆ ಅಲ್ಲಾಡಿಸಿತು, ಅಷ್ಟೇ. ಮತ್ತೆ ಜಗ್ಗಿದರು. ಮತ್ತೆ ಅಲ್ಲಾಡಿಸಿತು, ಹೆಣ್ಣು ನೋಡಲು ಬಂದವರಿಗೆ ಇಷ್ಟವಿಲ್ಲ ಎನ್ನುವ ಹುಡುಗಿಯ ಹಾಗೆ. ಮೂರನೆಯ ಸಲ ಎರಡೂ ಕೈಯಿಂದ ಜಗ್ಗಿದಾಗ ಸ್ತಂಭವೇ ಒಸಿ ಬಾಗಿದಂತೆ ಕಂಡಿತು. ಅಷ್ಟರಲ್ಲಿ ಮೈಕು ಹಿಡಿದಿದ್ದವರು ಬಾವುಟ ಬಿಚ್ಚಿತೆಂದೇ ತಿಳಿದು ರಾಷ್ಟ್ರಗೀತೆ ಶುರುಮಾಡಿಬಿಟ್ಟರು. ಶುರುವಾದ ಮೇಲೆ ನಿಲ್ಲಿಸುವ ಹಾಗಿಲ್ಲ, ಅಲುಗಾಡುವ ಹಾಗಿಲ್ಲ. ನೂರು ಜನ ಒಂದು ಪೊಟ್ಟಣಕ್ಕೆ ಸೆಲ್ಯೂಟು ಹೊಡೆದು ನಿಂತು ಪೂರ್ತಿ ಹಾಡಿದೆವು.

ಮುಗಿದ ಮೇಲೆ ಕೆಳಗಿಳಿಸಿದರು. ಮಾವ ಉಗುರಿನಿಂದ ಗಂಟು ಬಿಡಿಸಲು ನೋಡಿದರು. ಆಗಲಿಲ್ಲ. ಹಲ್ಲಿಗೆ ಹಿಡಿಯಲು ಬಾಯಿಯ ತನಕ ತಂದವರು, ಬಾವುಟವೆಂದು ನೆನಪಾಗಿ ಕೈ ಇಳಿಸಿದರು. ಶಿವಲಿಂಗಣ್ಣ ಯಾರದೋ ಮನೆಯಿಂದ ಕತ್ತರಿ ತರಿಸಿ ದಾರ ಕತ್ತರಿಸಿದರು. ಆಮೇಲೆ ಹಗ್ಗವನ್ನು ಮಾವನ ಕೈಗೆ ಕೊಡಲು ಬಂದರೆ ಅವರು ಒಂದು ಹೆಜ್ಜೆ ಹಿಂದೆ ಸರಿದು, “ನೀವೇ ಏರ್ಸಿ ಶಿವಲಿಂಗಣ್ಣ,” ಎಂದರು. ಬೂಂದಿ ಲಾಡು ತೆಗೆದುಕೊಳ್ಳದೆ ಮನೆಗೆ ಬಂದರು.

ನಾನು ಹಿಂದೆಯೇ ಓಡಿಬಂದೆ. “ಮಾವ, ತಪ್ಪು ನಂದು. ಗಂಟು ನಾನೇ ಸರಿಯಾಗಿ ಕಟ್ಟಿಲ್ಲ,” ಎಂದೆ. ಮಾವ ಟೋಪಿ ಮೊಳೆಗೆ ನೇತುಹಾಕಿದರು.

“ನೀನು ಕಟ್ಟೋದು ನಂಗೊತ್ತಿಲ್ವಾ ಮಗಾ? ನಾಕು ವರ್ಷ ಬಿಚ್ಚಿಲ್ವಾ? ನಿನ್ ಗಂಟು ಸರ್ಯಾಗೇ ಐತೆ. ಕೈ ನಂದು ಹೋಯ್ತು.”

ನನ್ನ ನಾಲ್ಕು ವರ್ಷದ ಕೀರ್ತಿಯೇ ಅವರ ಮೇಲೆ ಸಾಕ್ಷಿ ಹೇಳಿತು. ಇದಕ್ಕಿಂತ ಒಂದೆರಡು ಸಲ ಮೊದಲೇ ಸೋತಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಅವತ್ತಿನಿಂದ ಮಾವ ಬೆಳಗಿನ ಪಾರ್ಕು ಬಿಟ್ಟರು. ತೆಂಗಿನಕಾಯಿ ಸುಲಿಯುವುದು ಬಿಟ್ಟರು. ಭರಣಿ ಕೊಟ್ಟರೆ, “ಬಾವುಟ ಬಿಚ್ಚಕಾಗ್ದೋನು ಇದ ಬಿಚ್ತೀನಾ,” ಎಂದು ಪಕ್ಕಕ್ಕಿಡುತ್ತಿದ್ದರು. ಸುಮ್ಮನೆ ಕೂತಾಗ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆಯವರ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದರು. ನಮ್ಮ ಯಜಮಾನರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೈ ಹಿಸುಕಿ ನೋಡಿ, “ಈ ವಯಸ್ಸಿಗೆ ಚೆನ್ನಾಗಿದೆ,” ಎಂದರು. ‘ಈ ವಯಸ್ಸಿಗೆ’ ಎಂಬ ಒಂದು ಮಾತನ್ನು ಮಾತ್ರ ಮಾವ ಮನೆಗೆ ತಂದರು.

ಅತ್ತೆ ಮಾತ್ರ ಮುಚ್ಚಳಗಳನ್ನು ಎಂದಿನಂತೆ ಬಿಗಿಯುತ್ತಲೇ ಇದ್ದರು. ತೆಗೆಯುವವರಿಲ್ಲದೆ ವರ್ಷವಿಡೀ ನಾವು ಅಂಗಡಿಯ ಪ್ಯಾಕೆಟ್ಟಿನ ಉಪ್ಪಿನಕಾಯಿ ತಿಂದೆವು. ಮನೆಯ ಭರಣಿಗಳು ಶೆಲ್ಫಿನ ಮೇಲೆ ಸಾಲಾಗಿ, ಸೀಲು ಹಾಕಿದ ಕಚೇರಿಗಳ ಹಾಗೆ ನಿಂತಿದ್ದವು.

ಈ ವರ್ಷ ಆಗಸ್ಟ್ ಬಂತು. ಶಿವಲಿಂಗಣ್ಣ ಮನೆಗೆ ಬಂದು, “ಈ ಸಲವೂ ನೀವೇ ಏರಿಸ್ಬೇಕು ಯಜಮಾನ್ರೇ,” ಎಂದಾಗ ಮಾವ, “ಕೈಯಲ್ಲಿ ಕಸುವಿರೋರ್ನ ಕರೀರಿ,” ಎಂದು ಒಳಗೆ ಹೋದರು. ನಾನು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆಯ ಎದುರು ಕೂತು ಹೇಳಿದೆ.

“ಅತ್ತೆ, ಈ ಸಲ ನಾನು ಬಾವುಟ ಕಟ್ಟಲ್ಲ. ನನ್ನ ಗಂಟಿನಿಂದ ಮಾವ ಹೀಗಾದ್ರು.”

ಅತ್ತೆ ಇನ್ನೂ ಮೂರು ಬೀನ್ಸ್‌ನ ನಾರು ತೆಗೆದು ತಟ್ಟೆಗೆ ಹಾಕಿದರು.

“ನಿನ್ ಗಂಟಲ್ಲ ಕಣವ್ವ ಅದು,” ಎಂದರು.

“ಮತ್ತೆ?”

“ನೀನು ಕಟ್ಟಿ ದೇವ್ರ ಮನೇಲಿ ಮಡಗಿದ್ದಲ್ಲ, ಬೆಳಿಗ್ಗೆ ದೀಪ ಹಚ್ಚಕೆ ಹೋದಾಗ ನೋಡ್ದೆ. ಒಳ್ಗೆ ಹೂವ ಐತೆ, ಮೇಲೆ ದಾರ ಲೊಡಲೊಡ ಅಂತೈತೆ. ದೇವ್ರ ಮುಂದಿಟ್ಟಿರೋದು ಅಂಗೆ ಸಡ್ಲ ಇರಬೌದಾ? ಮುಡಿಪು ಕಟ್ಟೋ ಹಂಗೆ ಒಸಿ ಬಿಗಿ ಮಾಡ್ದೆ.”

ಮುಡಿಪು ಎಂದರೆ ನಿಮಗೆ ಗೊತ್ತಲ್ಲ. ಹರಕೆ ಹೊತ್ತಾಗ ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ನಾಣ್ಯವಿಟ್ಟು ಕಟ್ಟಿ ತೆಗೆದಿಡುತ್ತಾರೆ. ಅತ್ತೆಯ ಕಡೆಯವರು ಅದನ್ನು ಮೂರು ಗಂಟು ಹಾಕಿ ಕಟ್ಟುತ್ತಾರೆ. ಕಬ್ಬಾಳಮ್ಮನ ಸನ್ನಿಧಿ ಮುಟ್ಟುವ ತನಕ ಅದು ಬಿಚ್ಚಬಾರದು, ಬಿಚ್ಚಿದರೆ ಹರಕೆ ಕೆಡುತ್ತದೆ. ಎಂದರೆ ಜಗತ್ತಿನಲ್ಲಿ ಬಿಚ್ಚಬಾರದೆಂದೇ ಕಟ್ಟುವ ಗಂಟನ್ನು, ಬಿಚ್ಚಲೆಂದೇ ಕಟ್ಟುವ ಗಂಟಿನ ಮೇಲೆ ಅತ್ತೆ ಹಾಕಿದ್ದರು. ನಾನು ಬಿಟ್ಟಿದ್ದ ದಾರದ ತುದಿಯನ್ನು ಮಾತ್ರ ಅಚ್ಚುಕಟ್ಟಾಗಿ ಹೊರಗೆ ಇಳಿಬಿಟ್ಟಿದ್ದರು. ಅದನ್ನೇ ಹಗ್ಗಕ್ಕೆ ಕಟ್ಟಿ ಮಾವ ಜಗ್ಗಿದ್ದರು.

“ಅತ್ತೆ, ಒಂದು ವರ್ಷದಿಂದ ಸುಮ್ಮನಿದ್ದೀರಲ್ಲ.”

“ಏನಂತ ಹೇಳ್ಲಿ? ಅವತ್ತೇ ಹೇಳ್ಬೇಕಿತ್ತು. ಅವತ್ತು ಬಾಯಿ ಬರ್ಲಿಲ್ಲ. ಎಲ್ಡನೇ ದಿನ ಹೇಳಿದ್ರೆ ಅವತ್ತ್ಯಾಕೆ ಹೇಳ್ಲಿಲ್ಲ ಅಂತಾರೆ. ಅಂಗೇ ಒಂದ್ವರ್ಸ ಆಯ್ತು. ಈಗ ಹೇಳಿದ್ರೆ ನಿಮ್ಮಾವ ಪಾರ್ಕಲ್ಲಿ ಕೂತ್ಕಂಡು ಸಾಯಗಂಟ ಇದೇ ಕತೆ ಹೇಳ್ತಾರೆ. ನೀನೂ ಹೇಳ್ಕೂಡ್ದು, ನನ್ನಾಣೆ.”

ಆಣೆ ಹಾಕಿದರೆ ಕಾನ್ವೆಂಟಿನವಳೂ ಕಟ್ಟುಬೀಳಲೇಬೇಕು. ನಿಜ ಹೇಳದೆ ಮಾವನ ಕೈಯನ್ನು ಅವರಿಗೆ ವಾಪಸು ಕೊಡುವುದು ಹೇಗೆ ಎಂದು ಯೋಚಿಸಿದೆ. ಕೊನೆಗೆ ಒಂದು ದಿಂಬಿನ ಚೀಲಕ್ಕೆ ಕರಿಬೇವಿನ ಸೊಪ್ಪು ತುಂಬಿ, ಜಾರುಗಂಟು ಹಾಕಿ, ವರಾಂಡದ ಕಿಟಕಿ ಸರಳಿಗೆ ನೇತುಹಾಕಿ ಮಾವನನ್ನು ಕರೆದೆ.

“ಮಾವ, ನನ್ನ ಗಂಟು ಸರಿ ಇದೆಯಾ ಅಂತ ಒಂದ್ಸಲ ಜಗ್ಗಿ ನೋಡಿ. ನಂಗೆ ಧೈರ್ಯ ಸಾಲದು.”

ಮಾವ ಜಗ್ಗಿದರು. ತಲೆಯ ಮೇಲೆ ಕರಿಬೇವು ಸುರಿಯಿತು. “ದಿಂಬಿನ್ ಚೀಲ ಬಿಚ್ಚಕೆ ಕಸುವು ಬೇಕಾ,” ಎಂದು ಗೊಣಗಿದರು. ಆದರೆ ಸಂಜೆ ನಾನು ಬಟ್ಟೆ ತೆಗೆಯಲು ಮಹಡಿಗೆ ಹೋಗಿ ಬಂದಾಗ ಚೀಲ ಮತ್ತೆ ಬಿಚ್ಚಿತ್ತು. ಸುಮ್ಮನೆ ಕಟ್ಟಿಟ್ಟೆ. ಮರುದಿನ ಮತ್ತೆ ಬಿಚ್ಚಿತ್ತು. ಮನೆಯಲ್ಲಿ ಎಲ್ಲಿ ನೋಡಿದರೂ ಕರಿಬೇವು. ಹದಿಮೂರನೆಯ ತಾರೀಖು ಮಾವ ಪೇಪರಿನ ಹಿಂದಿನಿಂದ ಹೇಳಿದರು, “ಶಿವಲಿಂಗಣ್ಣಂಗೆ ಫೋನ್ ಮಾಡಿ ಹೇಳ್ಬುಡು, ಬತ್ತೀನಿ ಅಂತ. ಈ ಸರ್ತೀನೂ ಬಿಚ್ಚಿಲ್ಲ ಅಂದ್ರೆ ಅಲ್ಲಿಗೆ ಮುಗೀತು, ಇನ್ನೆಂದೂ ನನ್ನ ಕರೀಬೇಡಿ.”

ಹದಿನಾಲ್ಕರ ಸಂಜೆ ದೇವರಮನೆಯ ಬಾಗಿಲಲ್ಲಿ ಬಾವುಟ ಹರಡಿಕೊಂಡು ಕೂತೆ. ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಿಸಿದರು.

“ಅತ್ತೆ, ಗಂಟು ಮುಟ್ಟಬಾರದು.”

“ಮುಟ್ಟಲ್ಲ ಕಣವ್ವ. ಕಬ್ಬಾಳಮ್ಮನಾಣೆಗೂ ಗಂಟು ಮುಟ್ಟಲ್ಲ. ಹೂವನಾದ್ರೂ ನಾ ಹಾಕ್ತೀನಿ ಕೊಡು. ಪಾಪ ಕಳಕಂಡಂಗಾಯ್ತದೆ.”

ಗುಲಾಬಿ ಎಸಳಿನ ತಟ್ಟೆ ಅವರ ಮುಂದಿಟ್ಟೆ. ಕುಕ್ಕರು ಕೂಗಿತು. ಒಲೆ ಆರಿಸಿ ಬರುವಷ್ಟರಲ್ಲಿ ಅತ್ತೆ ಎಸಳನ್ನೆಲ್ಲ ನಡುವೆ ಗುಡ್ಡೆ ಹಾಕಿ, ಎರಡೂ ಕಡೆಯಿಂದ ಮಡಿಕೆ ಮುಚ್ಚಿ, ಕೈಕಟ್ಟಿ ಕೂತಿದ್ದರು. ನಾನು ಜಾರುಗಂಟು ಹಾಕಿದೆ. ಬಾವುಟವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗಿದೆ.

ಬೆಳಿಗ್ಗೆ ಪಾರ್ಕಿನಲ್ಲಿ ಹೋದ ವರ್ಷಕ್ಕಿಂತ ಹೆಚ್ಚು ಜನ. ಬಾವುಟ ಬಿಚ್ಚುವುದನ್ನು ನೋಡಲು ಬಂದವರು ಕೆಲವರು, ಬಿಚ್ಚದಿರುವುದನ್ನು ನೋಡಲು ಬಂದವರು ಹಲವರು ಎಂದು ನನ್ನ ಗುಮಾನಿ. ಮಾವ ಟೋಪಿ ಸರಿಮಾಡಿಕೊಂಡು ಸ್ತಂಭದ ಬುಡಕ್ಕೆ ಹೋದರು. ಹಗ್ಗವನ್ನು ಅಂಗೈಗೆ ಒಂದು ಸುತ್ತು ಸುತ್ತಿಕೊಂಡರು. ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅವರು ಹಿಡಿದದ್ದನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ನಾನು ಆಗಲೇ ಹೇಳಿದ್ದೇನೆ.

ಮಾವ ಕಣ್ಣು ಮುಚ್ಚಿ ಜಗ್ಗಿದರು.

ಬಾವುಟ ಬಿಚ್ಚಿಕೊಂಡಿತು. ಒಂದೇ ಎಳೆತಕ್ಕೆ, ಪೂರಾ. ಗುಲಾಬಿ ಎಸಳು ಗಾಳಿಯಲ್ಲಿ ತೇಲಿ ತೇಲಿ ಇಳಿದವು. ಅವುಗಳ ನಡುವೆ ತೇಲದ ಒಂದು ವಸ್ತು ನೆಟ್ಟಗೆ ಬಂದು ಶಿವಲಿಂಗಣ್ಣನವರ ಬೋಳುತಲೆಯ ಮೇಲೆ ಟಪ್ಪೆಂದು ಬಿದ್ದು, ಅಲ್ಲಿಂದ ಹಾರಿ ಮಾವನ ಕಾಲ ಹತ್ತಿರ ಕೂತಿತು. ಅರಿಶಿನದ ಬಟ್ಟೆಯ ಪುಟ್ಟ ಗಂಟು.

ಅದೇ ಗಳಿಗೆಗೆ ರಾಷ್ಟ್ರಗೀತೆ ಶುರುವಾಯಿತು.

ರಾಷ್ಟ್ರಗೀತೆಗೆ ಐವತ್ತೆರಡು ಸೆಕೆಂಡು ಎಂದು ಸಿಸ್ಟರು ಹೇಳಿಕೊಟ್ಟಿದ್ದರು. ಅದು ಎಷ್ಟು ಉದ್ದ ಎಂದು ಅವತ್ತು ತಿಳಿಯಿತು. ಯಾರೂ ಬಗ್ಗುವ ಹಾಗಿಲ್ಲ, ತಿರುಗುವ ಹಾಗಿಲ್ಲ, ಶಿವಲಿಂಗಣ್ಣ ತಲೆ ಸವರಿಕೊಳ್ಳುವ ಹಾಗೂ ಇಲ್ಲ. ನೂರು ಜನ ಮೇಲೆ ಬಾವುಟ ನೋಡುತ್ತಿದ್ದರು. ಮಾವ ಮಾತ್ರ ಸೆಲ್ಯೂಟು ಇಳಿಸದೆ ಕಣ್ಣನ್ನಷ್ಟೇ ಕೆಳಗೆ ಇಳಿಸಿದ್ದರು. ಒಂದರ ಮೇಲೊಂದು ಕೂತ ಮೂರು ಗಂಟನ್ನು ನೋಡುತ್ತಿದ್ದರು. ಹೋದ ವರ್ಷ ಇದೇ ಜಾಗದಲ್ಲಿ, ಇದೇ ಜನರ ಮುಂದೆ, ಉಗುರು ಮುರಿಯುವ ತನಕ ತಾವು ಕೆದಕಿದ ಗಂಟನ್ನು ಅವರು ಮರೆತಿರುತ್ತಾರೆಯೇ? ಹಾಡು ಅರ್ಧಕ್ಕೆ ಬರುವ ಹೊತ್ತಿಗೆ ಅವರ ಹುಬ್ಬು ಮೇಲೇರಿತು. ಮುಕ್ಕಾಲಿಗೆ ಬರುವಾಗ ಮೀಸೆಯ ಒಂದು ತುದಿ ಅಲುಗಿತು. ನನ್ನ ಪಕ್ಕದಲ್ಲಿ ಅತ್ತೆ, ಜನ್ಮದಲ್ಲಿ ಎಂದೂ ಇಲ್ಲದ ದೇಶಭಕ್ತಿಯಿಂದ ಬಾವುಟವನ್ನೇ ದಿಟ್ಟಿಸುತ್ತಿದ್ದರು.

ಹಾಡು ಮುಗಿಯಿತು. ಚಪ್ಪಾಳೆ ಬಿತ್ತು. ಮಾವ ನಿಧಾನಕ್ಕೆ ಬಗ್ಗಿ ಅದನ್ನೆತ್ತಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆರಳಿನಿಂದ ಗಂಟನ್ನು ಒತ್ತಿ ನೋಡಿದರು. ರೇಷ್ಮೆಗೂಡು ನೋಡುತ್ತಿದ್ದ ಹಾಗೆಯೇ. ಶಿವಲಿಂಗಣ್ಣ, “ಏನು ಯಜಮಾನ್ರೇ ಅದು?” ಎಂದರು. “ನಮ್ ಮನೇದು,” ಎಂದು ಮಾವ ಜೇಬಿಗೆ ಹಾಕಿಕೊಂಡರು. ಈ ಸಲ ಲಾಡು ತೆಗೆದುಕೊಂಡರು. ಎರಡು.

ಮನೆಗೆ ಬರುವ ದಾರಿಯಲ್ಲಿ ನಾವು ಮೂವರೇ. ಅತ್ತೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದರು. ಮಂಡಿನೋವಿನವರು ಅಷ್ಟು ಜೋರಾಗಿ ನಡೆದದ್ದನ್ನು ನಾನು ನೋಡಿರಲಿಲ್ಲ.

“ಏನಮ್ಮೀ,” ಮಾವ ಹಿಂದಿನಿಂದ ಕರೆದರು. “ಬಾವುಟದೊಳಗೆ ಮುಡಿಪು ಮಡಗೋ ಸಾಸ್ತ್ರ ಯಾವೂರ್ದು?”

“ಬಿಚ್ಚಲಿ ಅಂತ ಹರಕೆ ಹೊತ್ತಿದ್ದೆ. ಹರಕೆ ಯಾತಕ್ಕೆ ಹೊತ್ತಿರ್ತೀವೋ ಅದ್ರ ಜೊತೇಲೆ ಇರ್ಲಿ ಅಂತ ಮಡಗ್ದೆ. ಗಂಟು ಮುಟ್ಟಲಿಲ್ಲ. ಬೇಕಾದ್ರೆ ಇವಳ್ನೇ ಕೇಳಿ.”

“ಈ ಸರ್ತಿ ಮುಟ್ಟಲಿಲ್ಲ.”

ಅತ್ತೆ ನಿಂತರು. ತಿರುಗಲಿಲ್ಲ.

“ಹೋದ ವರ್ಸ ಗಾಳಿ ಜೋರಿತ್ತು,” ಎಂದರು.

ಮಾವ ನಗಲು ಶುರುಮಾಡಿದರು. ರಸ್ತೆಯ ನಡುವೆ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಲಾಡಿನ ಪುಡಿ ಉದುರುವ ಹಾಗೆ ನಕ್ಕರು. ಒಂದು ವರ್ಷದ ಬಾಕಿ ನಗೆಯೆಲ್ಲ ಅದರಲ್ಲಿತ್ತು. ಅತ್ತೆ, “ಜನ ನೋಡ್ತಾರೆ, ನಡೀರಿ,” ಎಂದರು. ಅವರ ದನಿಯೂ ಪೂರ್ತಿ ಗಟ್ಟಿಯಾಗಿರಲಿಲ್ಲ.

ಅದಾದ ಎರಡನೇ ಶುಕ್ರವಾರ ಇಬ್ಬರೂ ಕಬ್ಬಾಳಿಗೆ ಹೋಗಿ ಮುಡಿಪು ಒಪ್ಪಿಸಿ ಬಂದರು. ಬಾವುಟದ ಮೇಲೆ ಅರಿಶಿನದ ಕಲೆ ಉಳಿಯಿತು. ಕಲೆಯಾದ ಬಾವುಟವನ್ನು ಹಾರಿಸಬಾರದು, ಅದಕ್ಕೆ ಮೊನ್ನೆ ಅದನ್ನು ತೆಗೆದು ಮಹಡಿಯ ಮೇಲೆ, ಬಿಳಿ ಪಂಚೆಯೊಂದನ್ನು ಹಾಸಿ, ನೆಲಕ್ಕೆ ತಾಗದಂತೆ ಬಿಸಿಲಿಗೆ ಹರಡಿದೆ. ಅರಿಶಿನ ಸೋಪಿಗೆ ಬಗ್ಗುವುದಿಲ್ಲ, ಬಿಸಿಲಿಗೆ ಬಗ್ಗುತ್ತದೆ. ಸಂಜೆಗೆ ನೋಡಿದರೆ ಕಡಲೆಕಾಳು ಸಾಸಿವೆಕಾಳಾಗಿತ್ತು. ಇನ್ನೊಂದು ನಾಲ್ಕು ಬಿಸಿಲು ಸಾಕು. ಪಕ್ಕದಲ್ಲಿ ಕೂತು ಚಕ್ರದ ಕಡ್ಡಿ ಎಣಿಸಿದೆ, ಹಳೆಯ ಅಭ್ಯಾಸ. ಇಪ್ಪತ್ನಾಲ್ಕು ಇತ್ತು.

ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಹದಿನೈದನೆಯ ತಾರೀಖಿನ ಆ ಬೆಳಿಗ್ಗೆಯೇ. ಮನೆಗೆ ಬಂದವರೇ ಮಾವ ಟೋಪಿಯನ್ನು ಮೊಳೆಗೆ ಹಾಕಿ, ಕೈಕಾಲು ತೊಳೆದು, ಕಾಫಿಗೂ ಕಾಯದೆ ನೇರವಾಗಿ ಅಡುಗೆಮನೆಗೆ ಹೋದರು. ಶೆಲ್ಫಿನ ಮುಂದೆ ನಿಂತು ತೋಳು ಮೇಲಕ್ಕೆ ಸರಿಸಿದರು. ಮೊದಲನೆಯ ಭರಣಿ ಎತ್ತಿಕೊಂಡು ಒಂದೇ ತಿರುವಿಗೆ ತೆಗೆದು ಕೆಳಗಿಟ್ಟರು. 'ಟಕ್' ಎಂದು ಸದ್ದಾಯಿತು. ಎರಡನೆಯದು, ಟಕ್. ಹಪ್ಪಳದ ಡಬ್ಬ. ಕಾಫಿಪುಡಿ. ಸಾರಿನಪುಡಿ. ಯಾರಿಗೂ ಬೇಡದ ಮೆಂತ್ಯದ ಡಬ್ಬವನ್ನೂ ಬಿಡಲಿಲ್ಲ. ಮಾತಿಲ್ಲ ಕತೆಯಿಲ್ಲ, ಸಾಲಾಗಿ ತೆಗೆಯುತ್ತಾ ಹೋದರು. ಮನೆಯೆಲ್ಲ ಉಪ್ಪಿನಕಾಯಿ ವಾಸನೆ.

ಅವರ ಹಿಂದೆಯೇ ಅತ್ತೆ, ಒಂದೊಂದನ್ನೇ ಮತ್ತೆ ಬಿಗಿಯುತ್ತಾ ಬಂದರು.